ಬುತ್ತಿಗೆ ಟಿಕೇಟಿಲ್ಲ

ಹೋದ ರವಿವಾರ ಮಧ್ಯಾಹ್ನ ಸ್ಕೂಟರಿನ ಕೀಲಿಕೈ ಹುಡುಕುತ್ತಿದ್ದೆ. ನಾನು ಹುಡುಕುವುದೆಂದರೆ ಮನೆಯನ್ನು ಬುಡಮೇಲು ಮಾಡುವುದು ಎಂದು ಅರ್ಥ. ಕೀಲಿಕೈ ಕೊನೆಗೆ ತೊಟ್ಟ ಅಂಗಿಯ ಜೇಬಿನಲ್ಲೇ ಸಿಕ್ಕಿತು, ಆ ಮಾತು ಬಿಡಿ. ಅಷ್ಟರೊಳಗೆ ಅಟ್ಟದ ಟ್ರಂಕಿನ ಹಿಂದಿನಿಂದ ಒಂದು ಬುತ್ತಿ ಡಬ್ಬಿ ಉರುಳಿ ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಎರಡು ಅಂತಸ್ತಿನ ಅಲ್ಯುಮಿನಿಯಂ ಡಬ್ಬಿ. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ‘ಚನ್ನಪ್ಪ, ರೂಮ್ ನಂ. 3’ ಎಂದು ನನ್ನ ಹೆಸರು ಬರೆದಿದ್ದು ಅರ್ಧ ಅಳಿಸಿತ್ತು.

ಬೆರಳು ಹಿಡಿದುಕೊಂಡು ಕುಂಟುತ್ತಲೇ ನಾನು ಗಡಿಯಾರ ನೋಡಿದೆ. ಮೂರೂಕಾಲು. ನಾನು ಸಿಂದಗಿಯಿಂದ ನಮ್ಮೂರಿಗೆ ಹೊರಡಬೇಕಾಗಿತ್ತು. ಮರುದಿನ ಸೋಮವಾರ ಬೆಳಿಗ್ಗೆ, ಐದು ತಿಂಗಳ ನಂತರ, ನಮ್ಮೂರಿಗೆ ಎಂಟೂವರೆಯ ಬಸ್ಸು ಮತ್ತೆ ಬರುವುದಿತ್ತು. ಒಂದು ತಿಂಗಳು ಓಡಿಸಿ ನೋಡುತ್ತಾರಂತೆ. ಜನ ಹತ್ತಿದರೆ ಉಳಿಯುತ್ತದೆ, ಹತ್ತದಿದ್ದರೆ ಕಾಯಂ ಆಗಿ ಹೋಗುತ್ತದೆ. ಆ ಬಸ್ಸು ಹೋದದ್ದು ನನ್ನಿಂದ. ಅದರ ಜೊತೆಗೆ ನನ್ನ ಅಕ್ಕನ ಕೆಲಸವೂ ಹೋಗಿತ್ತು. ಹೀಗಿರುವಾಗ ಮನುಷ್ಯ ಸುಮ್ಮನೆ ಕೂಡುವುದು ಹೇಗೆ?

“ಬಸ್ಸು ನಾಳಿ ಮುಂಜಾನಿ ಐತಿ. ನೀವು ಈಗ ಹಿಂಗ ಕುಣದ್ರ ಅದೇನು ಲಗೂನ ಬರ್ತೈತೇನ್ರಿ? ಕುಂದರ್ರಿ, ಚಾ ಕುಡೀರಿ” ಎಂದಳು ಹೆಂಡತಿ.

ಚಹಾ ಎಂಬ ಶಬ್ದ ಕೇಳಿದರೆ ನನಗೆ ಈಗ ಎದೆ ಧಸಕ್ಕೆನ್ನುತ್ತದೆ. ಅದಕ್ಕೂ ಕಾರಣವಿದೆ, ಹೇಳುತ್ತೇನೆ. ಡಬ್ಬಿಯನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ ಹೊರಟೆ.

ನಿಮಗೆ ಮೊದಲೇ ಒಂದು ವಿಷಯ ತಿಳಿಸಿಬಿಡುವುದು ಒಳ್ಳೆಯದು. ನನಗೆ ಕಾಯಲು ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹಾಡಲು ಬರುವುದಿಲ್ಲ, ಹಾಗೆ ಇದು. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರೆ. ಮದುವೆಮನೆಯಲ್ಲಿ ಅಕ್ಕಿಕಾಳು ಬೀಳುವ ಮೊದಲೇ ಊಟದ ಪಂಕ್ತಿ ಎಲ್ಲಿ ಎಂದು ನೋಡುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹುಡುಗರು ಲೆಕ್ಕ ಬಿಡಿಸುವ ತನಕ ತಡೆಯಲಾರದೆ ನಾನೇ ಬೋರ್ಡಿನ ಮೇಲೆ ಉತ್ತರ ಬರೆದುಬಿಡುತ್ತೇನೆ. ಹೀಗಾಗಿ ನನ್ನ ಕೈಕೆಳಗೆ ಕಲಿತವರಿಗೆಲ್ಲ ಉತ್ತರ ಗೊತ್ತಿದೆ, ಲೆಕ್ಕ ಬರುವುದಿಲ್ಲ.

ಇಂಥವನ ಹಣೆಯಲ್ಲಿ ನಾಲ್ಕು ತಾಲೂಕುಗಳ ಬಸ್‌ಸ್ಟ್ಯಾಂಡ್ ಬರೆದಿತ್ತು. ಇಂಡಿಯಲ್ಲಿದ್ದಾಗ ಲಿಂಬೆಹಣ್ಣಿನ ಚೀಲಗಳ ನಡುವೆ ನಿಂತು ಕಾಯುತ್ತಿದ್ದೆ. ಇಂದಿಗೂ ಲಿಂಬೆಯ ವಾಸನೆ ಬಂದರೆ ಬಸ್ಸು ತಪ್ಪಿತೇನೋ ಎಂದು ಕಸಿವಿಸಿಯಾಗುತ್ತದೆ. ಬಸವನ ಬಾಗೇವಾಡಿಯಲ್ಲಿ ಮೂರು ವರ್ಷ ಇದ್ದೆ. ವಿಚಾರಣೆಯ ಕಿಟಕಿಯವನು ನನ್ನ ಮುಖ ಕಂಡೊಡನೆ “ಇನ್ನೂ ಬಂದಿಲ್ರೀ ಸರ” ಎನ್ನುತ್ತಿದ್ದ. ನಾನು ಒಮ್ಮೆ ಬರೀ ಪೇಪರು ಕೊಳ್ಳಲು ಹೋದಾಗಲೂ ಹಾಗೇ ಅಂದ. ಮುದ್ದೇಬಿಹಾಳದಲ್ಲಿ ಒಂದು ಸಲ ಕಾದು ಸಾಕಾಗಿ, ಬಸ್ಸು ಬರುವ ದಿಕ್ಕಿಗೇ ಎದುರಾಗಿ ನಡೆಯತೊಡಗಿದೆ. ಬಸ್ಸು ಎದುರಿಗೆ ಬಂತು, ಕೈ ಮಾಡಿದೆ, ನಿಲ್ಲಿಸಲಿಲ್ಲ. ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆದೆ. ಇಂಡಿ ಹತ್ತಿರದ ಸಾಲೋಟಗಿಯಲ್ಲಿಯಂತೂ ಬಸ್ಸಿಗೆ ಕಾಯುವಾಗ ಹೊತ್ತು ಹೋಗದೆ ಅಲ್ಲಿಯ ಹಳೆಯ ಶಾಸನ ನೋಡಲು ಹೋದೆ. ಒಂದಕ್ಷರ ಓದಲು ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ “ಅದರಾಗ ಬಸ್ಸಿನ ಟೈಮ್ ಬರದಿಲ್ಲ ತಗೋರಿ” ಎಂದ. ಅವನು ನನ್ನ ಚಡಪಡಿಕೆಯನ್ನು ಆಗಿನಿಂದ ನೋಡುತ್ತಿದ್ದಿರಬೇಕು.

ಇಷ್ಟೆಲ್ಲ ಕಾಯುವಿಕೆಯಿಂದ ನಾನು ಕಲಿತದ್ದು ಒಂದೇ. ಬಸ್ಸು ತಾಸಿಗೊಂದು ಇದ್ದರೆ ಜನ ಗಡಿಯಾರ ನೋಡುವುದಿಲ್ಲ. ದಿನಕ್ಕೆ ನಾಲ್ಕಾದರೆ ಗಡಿಯಾರ ನೋಡುತ್ತಾರೆ. ದಿನಕ್ಕೆರಡಾದರೆ ಬಸ್ಸಿನ ಕಡೆಗೇ ನೋಡುವುದಿಲ್ಲ. ಗಣಿತದ ಮಾಸ್ತರನಾಗಿ ಇಷ್ಟು ಹೇಳಲು ನನಗೆ ಪುಸ್ತಕ ಬೇಕಾಗಿಲ್ಲ, ನಮ್ಮೂರೇ ಸಾಕು.

ನಮ್ಮೂರು ಆಲಮೇಲ–ಸಿಂದಗಿ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ನಾನು ಸಿಂದಗಿಯಲ್ಲಿ ಕಾಲೇಜಿಗೆ ಸೇರಿದ ಕಾಲಕ್ಕೆ ಊರಿಗೆ ತಾಸಿಗೊಂದು ಬಸ್ಸು ಬರುತ್ತಿತ್ತು. ನಾವು ನಾಲ್ವರು ಹುಡುಗರು ಒಂದು ರೂಮ್ ಹಿಡಿದಿದ್ದೆವು. ಅಡುಗೆ ಮಾಡಲು ಬರುತ್ತಿರಲಿಲ್ಲ, ಮಾಡುವ ಪ್ರಮೇಯವೂ ಇರಲಿಲ್ಲ. ಊರಿನಿಂದ ಬುತ್ತಿ ಬಸ್ಸಿನಲ್ಲಿ ಬರುತ್ತಿತ್ತು. ಈ ಪದ್ಧತಿ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯವರು ಡಬ್ಬಿಯನ್ನು ಬಸ್ಸಿನಲ್ಲಿಟ್ಟು ತಮ್ಮ ಪಾಡಿಗೆ ತಾವು ಹೋಗುತ್ತಾರೆ. ಸಿಂದಗಿಯಲ್ಲಿ ಡಬ್ಬಿಗಳು ಇಳಿದು ಸಾಲಾಗಿ ಕೂಡುತ್ತವೆ. ಹುಡುಗರು ಬಂದು ತಮ್ಮ ತಮ್ಮ ಹೆಸರು ನೋಡಿ ಒಯ್ಯುತ್ತಾರೆ. ಚೀಟಿಯಿಲ್ಲ, ಕಾವಲಿಲ್ಲ. ಯಾರೂ ಇನ್ನೊಬ್ಬರದನ್ನು ಮುಟ್ಟುವುದಿಲ್ಲ. ನಾನು ಮಾತ್ರ ಒಮ್ಮೆ ಅವಸರದಲ್ಲಿ ಬೇರೆಯವರ ಡಬ್ಬಿ ಒಯ್ದು, ಅರ್ಧ ಉಂಡ ಮೇಲೆ ‘ನಮ್ಮಕ್ಕ ಪುಂಡಿಪಲ್ಯಕ್ಕೆ ಇಷ್ಟು ಉಪ್ಪು ಹಾಕುವುದಿಲ್ಲವಲ್ಲ’ ಎಂದು ಮುಚ್ಚಳ ನೋಡಿದ್ದೆ.

ನಮ್ಮಕ್ಕ ಎಂದರೆ ಗಂಗಕ್ಕ. ಸೋದರಮಾವನಿಗೇ ಕೊಟ್ಟಿದ್ದರಿಂದ ಊರಿನಲ್ಲೇ ಉಳಿದಳು. ನಮ್ಮವ್ವ ತೀರಿದ ಮೇಲೆ ನನ್ನ ಬುತ್ತಿ ಅವಳ ಪಾಲಿಗೆ ಬಂತು. ನಸುಕಿನಲ್ಲೆದ್ದು ಐದು ಜೋಳದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಮೇಲಿನ ಅಂತಸ್ತಿನಲ್ಲಿ ಪಲ್ಯ, ಶೇಂಗಾ ಹಿಂಡಿ ಇಟ್ಟು ಬಸ್ಸಿನ ಹತ್ತಿರ ಬರುತ್ತಿದ್ದಳು. ಆಗಿನ ಬಸ್ಸುಗಳಲ್ಲಿ ಡ್ರೈವರನ ಪಕ್ಕಕ್ಕೆ ಎಂಜಿನ್ನಿನ ದೊಡ್ಡ ಡಬ್ಬ ಇರುತ್ತಿತ್ತು, ಅದರ ಮೇಲೆ ಕೈಯಿಟ್ಟರೆ ಚುರುಕ್ಕೆನ್ನುತ್ತಿತ್ತು. ಅದರ ಮೇಲಿಟ್ಟ ಬುತ್ತಿ ಸಿಂದಗಿ ಮುಟ್ಟಿದರೂ ಬಿಸಿ ಆರುತ್ತಿರಲಿಲ್ಲ. ಆ ಜಾಗಕ್ಕಾಗಿ ಊರಿನ ಹೆಣ್ಣುಮಕ್ಕಳಲ್ಲಿ ದಿನಾ ಜಗಳ. ಅಕ್ಕ ಜಗಳಾಡುತ್ತಿರಲಿಲ್ಲ, ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಅಪ್ಪಿತಪ್ಪಿ ತಡವಾದರೆ ಒಂಬತ್ತೂವರೆಗೆ ಇನ್ನೊಂದು ಇದ್ದೇ ಇತ್ತು. ನಾಲ್ಕು ವರ್ಷ ನಾನು ಬಿಸಿ ರೊಟ್ಟಿ ಉಂಡೆ. ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ, ಅಕ್ಕ ಮಾತ್ರ ಒಂದು ದಿನವೂ ಆ ಎಂಟೂವರೆಯ ಬಸ್ಸಿನಲ್ಲಿ ಕೂತವಳಲ್ಲ. ಡಬ್ಬಿ ಇಟ್ಟವಳೇ ಇಳಿದು ಹೋಗುತ್ತಿದ್ದಳು, ಮನೆಯಲ್ಲಿ ಉಳಿದವರಿಗೆ ರೊಟ್ಟಿ ಆಗಬೇಕಾಗಿತ್ತಲ್ಲ.

ಆಮೇಲೆ ಬಸ್ಸು ಕಡಿಮೆಯಾಗುತ್ತ ಬಂತು. ಯಾವಾಗ, ಹೇಗೆ ಎಂದು ಊರಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಒಂದು ದಿನ ಹನ್ನೆರಡರ ಬಸ್ಸು ಬರಲಿಲ್ಲ. ಕೆಟ್ಟು ನಿಂತಿರಬೇಕು ಅಂದುಕೊಂಡರು. ಅದು ಮತ್ತೆ ಬರಲೇ ಇಲ್ಲ. ಹನ್ನೆರಡಕ್ಕೆ ಹೋಗುತ್ತಿದ್ದವರು ಟಂಟಂ ಹತ್ತಿದರು. ಟಂಟಂ ಎಂದರೆ ಮೂರು ಗಾಲಿಯ ಗಾಡಿ, ಹಿಂದೆ ಹತ್ತು ಜನ, ಮುಂದೆ ಡ್ರೈವರನ ಎರಡೂ ಮಗ್ಗುಲಿಗೆ ಇಬ್ಬರು. ಒಮ್ಮೆ ಟಂಟಂ ಹತ್ತಿದವರು ಬರುವಾಗಲೂ ಅದನ್ನೇ ಹತ್ತಿದರು. ಆಗ ಸಂಜೆಯ ಬಸ್ಸಿಗೆ ಜನ ಕಡಿಮೆಯಾದರು. ಅದೂ ನಿಂತಿತು. “ಮಂದಿ ಇಲ್ಲ, ಬಸ್ ಹ್ಯಾಂಗ ಬಿಡೂದು?” ಎಂದು ಬಸ್ ಡಿಪೋದವರು. “ಬಸ್ ಇಲ್ಲ, ಮಂದಿ ಹ್ಯಾಂಗ ಬರೂದು?” ಎಂದು ಊರವರು. ಇಬ್ಬರ ಮಾತೂ ಖರೆ. ಕಡೆಗೆ ಉಳಿದವು ಎರಡೇ, ಬೆಳಗಿನ ಎಂಟೂವರೆ, ಸಂಜೆಯ ಐದು.

ಈ ಎಂಟೂವರೆಯನ್ನು ನಂಬಿಕೊಂಡೇ ಗಂಗಕ್ಕ ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ಕೆಲಸ ಶುರು ಮಾಡಿದಳು. ಓಣಿಯ ಹುಸೇನಬಿಯನ್ನು ಜೊತೆಗೆ ಕರೆದುಕೊಂಡು, ಸಿಂದಗಿಯ ಒಂದು ಖಾನಾವಳಿಗೆ ದಿನಾ ನೂರು ಬಿಸಿ ರೊಟ್ಟಿ ಕಳಿಸತೊಡಗಿದಳು. ಬಿದಿರ ಬುಟ್ಟಿಯಲ್ಲಿ ಬಟ್ಟೆ ಹಾಸಿ ರೊಟ್ಟಿ ಜೋಡಿಸಿ ಬಸ್ಸಿನಲ್ಲಿಡುವುದು. ಹತ್ತರೊಳಗೆ ಖಾನಾವಳಿ ಮುಟ್ಟುತ್ತಿತ್ತು. ಮಧ್ಯಾಹ್ನದ ಊಟಕ್ಕೆ ರೊಟ್ಟಿ ಇನ್ನೂ ಮೆತ್ತಗಿರುತ್ತಿತ್ತು. ಹುಟ್ಟಿದಾರಭ್ಯ ರೊಟ್ಟಿ ಬಡಿದವಳು ಅಕ್ಕ. ಅದನ್ನು ಕೆಲಸ ಎಂದು ಯಾರಾದರೂ ಕರೆದದ್ದು ಅದೇ ಮೊದಲು. ಫೋನ್ ಮಾಡಿದರೆ “ಈಗ ಬ್ಯಾಡ ತಮ್ಮಾ, ಕೆಲಸದಾಗ ಅದೇನಿ” ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಒಂದು ಗತ್ತು ಇರುತ್ತಿತ್ತು. ನನಗೆ ಅದು ಬಹಳ ಸೇರುತ್ತಿತ್ತು.

ಅಷ್ಟರಲ್ಲಿ ಆ ಬಸ್ಸಿನ ಕಂಡಕ್ಟರ್ ರಾಜೇಸಾಬ ಸಿಂದಗಿಯಲ್ಲಿ ನನ್ನನ್ನು ಕಂಡು ಗುಟ್ಟಿನಲ್ಲಿ ಹೇಳಿದ.

“ಸರ, ನಿಮ್ಮೂರ ಎಂಟೂವರಿ ಮ್ಯಾಲ ಕಣ್ಣು ಬಿದ್ದೈತ್ರಿ. ಬರೂ ಗುರುವಾರ ಡಿಪೋ ಸಾಹೇಬ್ರು ಬಸ್ಸಿನಾಗ ಕುಂತು ಮಂದಿ ಎಣಸ್ತಾರ. ಸೀಟ್ ತುಂಬಿದ್ರ ಉಳೀತೈತಿ, ಇಲ್ಲಂದ್ರ ಇಲ್ಲ.”

ನನಗೆ ಇಂಥದ್ದೇ ಬೇಕಾಗಿತ್ತು. ಮೂರು ದಿನ ನಿದ್ದೆಯಿಲ್ಲ, ಊರಿಗೆಲ್ಲ ಫೋನು. ಕೆಲಸ ಇರಲಿ ಬಿಡಲಿ, ಮನೆಗೊಬ್ಬರು ಗುರುವಾರ ಎಂಟೂವರೆಯ ಬಸ್ಸು ಹತ್ತಬೇಕು. ಮೂವತ್ತು ಜನ ಮಾತು ಕೊಟ್ಟರು. ಮುಂದಿನ ಎರಡು ಊರುಗಳಲ್ಲಿ ದಿನಾ ಹತ್ತುವವರು ಇಪ್ಪತ್ತು ಮಂದಿ ಇದ್ದೇ ಇದ್ದರು. ಮೂವತ್ತು ಮತ್ತು ಇಪ್ಪತ್ತು ಐವತ್ತು, ಬಸ್ಸು ಭರ್ತಿ. ಲೆಕ್ಕ ಎಷ್ಟು ಸರಳವಾಗಿತ್ತು ನೋಡಿ.

ಗುರುವಾರ ರಜೆ ಹಾಕಿ ಸ್ಕೂಟರಿನ ಮೇಲೆ ಊರಿಗೆ ಹೋದೆ. ಟಂಟಂ ಓಡಿಸುವ ಮಲ್ಲು ಊರಬಾಗಿಲ ಅಗಸಿಯಲ್ಲಿ ಗಾಡಿ ಒರೆಸುತ್ತಿದ್ದ. “ಏನ್ರಿ ಮಾಸ್ತರ, ಬಸ್ ಉಳಸಾಕ ಸ್ಕೂಟರ್ ಮ್ಯಾಲ ಬಂದ್ರಿ?” ಎಂದು ನಕ್ಕ. ನಾನು ಕೇಳಿಸದವನಂತೆ ಮುಂದೆ ಹೋದೆ.

ಎಂಟು ಇಪ್ಪತ್ತಕ್ಕೆ ಸರಿಯಾಗಿ ಬಸ್ಸು ಬಂತು. ಸಾಹೇಬರು ಇಳಿದರು. ಕೈಯಲ್ಲೊಂದು ಹಾಳೆ, ಜೇಬಿನಲ್ಲೊಂದು ಪೆನ್ನು, ಸೌಮ್ಯ ಮನುಷ್ಯ. ಮೂವತ್ತು ಜನ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು. ಹತ್ತಿ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮೂರಿಗೆ ಒಬ್ಬ ಸಾಹೇಬ ಬಂದಿದ್ದಾನೆ, ಬರಿಗೈಯಲ್ಲಿ ಕಳಿಸುವುದುಂಟೆ? ಸಾಲೆಯಿಂದ ಕುರ್ಚಿ ಬಂದವು. ಶಾಲು, ಹಾರ, ಕಾಯಿ ಬಂದವು. ಮಿರ್ಚಿ ಭಜಿಗೆ ಎಣ್ಣೆ ಇಟ್ಟಿದ್ದರು, ಅದು ಇನ್ನೂ ಕಾದಿರಲಿಲ್ಲ.

“ಬ್ಯಾಡ್ರಿ, ನಾ ಡ್ಯೂಟಿ ಮ್ಯಾಲ ಅದೇನಿ. ಬಸ್ಸಿಗೆ ಹೊತ್ತಾಗ್ತೈತಿ” ಎಂದರು ಸಾಹೇಬರು.

“ಬಸ್ಸು ನಮ್ದ ಐತಿ, ನೀವೂ ನಮ್ಮವರ. ನಮ್ಮೂರಿಗಿ ಮೊದಲ ಸಲ ಬಂದೀರಿ. ಒಂದ ಕಪ್ ಚಾ ಕುಡೀಲಾರದ ಹ್ವಾದ್ರ ಊರ ಮಾನ ಏನ ಉಳೀತು?” ಎಂದರು ಹಿರಿಯರು.

ಇಲ್ಲಿ ನಾನು ಅಡ್ಡ ಬರಬಹುದಿತ್ತು. ಜೀವಮಾನವಿಡೀ ಎಲ್ಲರನ್ನೂ ಅವಸರಿಸಿದ ನಾನು ಆ ಒಂದು ದಿನ ಅವಸರಿಸಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಯಾರೋ ನನ್ನ ಕೈಗೆ ಮೈಕು ಕೊಟ್ಟಿದ್ದರು. “ಮಾಸ್ತರ ಎರಡ ಮಾತು ಹೇಳ್ತಾರ” ಅಂದರು. ನನ್ನ ಎರಡು ಮಾತು ಇಪ್ಪತ್ತೆರಡು ನಿಮಿಷ ನಡೆಯಿತು. ಬಸ್ಸು ವೇಳೆಗೆ ಸರಿಯಾಗಿ ಹೊರಟರೆ ಮಾತ್ರ ಜನರಿಗೆ ಅದರ ಮೇಲೆ ನಂಬಿಕೆ ಬರುತ್ತದೆ ಎಂದು ನಾನು ಕೈಯೆತ್ತಿ ಹೇಳುತ್ತಿದ್ದಾಗ ಗಂಟೆ ಎಂಟು ಐವತ್ತೆರಡು ಆಗಿತ್ತು. ಗುಂಪಿನ ಹಿಂದೆ ಗಂಗಕ್ಕ ರೊಟ್ಟಿಯ ಬುಟ್ಟಿ ಬಗಲಲ್ಲಿಟ್ಟುಕೊಂಡು ತನ್ನ ಮಣಿಕಟ್ಟು ಮುಟ್ಟಿ ಮುಟ್ಟಿ ತೋರಿಸುತ್ತಿದ್ದಳು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೊಂದು ಉದಾಹರಣೆ ಕೊಟ್ಟೆ.

ಭಜಿ ಮುಗಿದು, ಚಹಾ ಮುಗಿದು, ಬಸ್ಸು ಹೊರಟಾಗ ಒಂಬತ್ತೂ ಹತ್ತು. ಹತ್ತಿ ನೋಡುತ್ತೇನೆ, ಹನ್ನೊಂದು ಜನ! ಉಳಿದವರೆಲ್ಲ ಕಟ್ಟೆಯ ಮೇಲೆ ನಿಂತು ಕೈ ಬೀಸುತ್ತಿದ್ದಾರೆ.

“ಅಲ್ರೋ, ಹತ್ತಲಿಲ್ಲಲ್ಲ?” ಎಂದು ಕಿಟಕಿಯಿಂದ ಕೂಗಿದೆ.

“ಸಾಹೇಬ್ರು ನಮ್ಮನ್ನೆಲ್ಲಾ ನೋಡ್ಯಾರಲ್ರಿ ಮಾಸ್ತರ! ಕೈ ಮುಗದು ಮಾತಾಡಸೇವಿ. ಮತ್ಯಾಕ ಸುಮ್ನ ಸಿಂದಗಿತನಕ?”

ನೋಡಿದ ಮೇಲೆ ಎಣಿಸಿದಂತೆಯೇ ಎಂದು ಅವರು ತಿಳಿದಿದ್ದರು. ತಪ್ಪು ಅವರದಲ್ಲ. ಮುಖ ಕಂಡು ಮಾತಾಡಿಸಿದ ಮೇಲೆ ಇನ್ನು ಕಾಗದವೇಕೆ ಎನ್ನುವ ಮಂದಿ ನಾವು. ಮುಂದಿನ ಊರಿನ ಸ್ಟಾಪಿನಲ್ಲಿ ಒಂದು ನಾಯಿ ಮಲಗಿತ್ತು. ಅದರ ಮುಂದಿನ ಊರಿನಲ್ಲಿ ಮೂವರು ಹತ್ತಿದರು. ಉಳಿದವರನ್ನು ಮಲ್ಲುವಿನ ಟಂಟಂ ಒಂಬತ್ತಕ್ಕೇ ತುರುಕಿಕೊಂಡು ಒಯ್ದಿತ್ತು. ನಲವತ್ತು ನಿಮಿಷ ತಡವಾದ ಬಸ್ಸಿಗೆ ಯಾರು ಕಾಯುತ್ತಾರೆ? ನಾನಾಗಿದ್ದರೆ ನಾಲ್ಕು ನಿಮಿಷವೂ ಕಾಯುತ್ತಿರಲಿಲ್ಲ.

ಸಿಂದಗಿಯಲ್ಲಿ ಇಳಿದಾಗ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರಿಗೂ ಕೆಡುಕೆನಿಸಿತ್ತು. “ಮಾಸ್ತರ, ಭಜಿ ಭಾಳ ಛಲೋ ಇದ್ದೂರಿ. ಖರೇ, ಈ ಹಾಳ್ಯಾಗ ಭಜಿ ಬರಿಯಾಕ ಜಾಗಾ ಇಲ್ಲ.”

ನಾನು ಹಿಂದಿನ ಸೀಟಿನ ಕಡೆಗೆ ಬೆರಳು ತೋರಿಸಿದೆ. ಅಲ್ಲಿ ಅಕ್ಕನ ಬುಟ್ಟಿಯಿತ್ತು. ಕಾಲೇಜು ಹುಡುಗರ ಡಬ್ಬಿಗಳು ಹದಿನೆಂಟು ಇದ್ದವು.

“ಇವನ್ನ ನೋಡ್ರಿ ಸಾಹೇಬ್ರ. ಇಷ್ಟು ಮಂದಿ ಈ ಬಸ್ಸಿನ ಮ್ಯಾಲ ಉಣ್ತಾರ. ಇವನ್ನ ಎಣಸ್ರಿ.”

“ಬುತ್ತಿಗೆ ಟಿಕೇಟಿಲ್ರಿ. ಟಿಕೇಟ ಇಲ್ಲದ್ದು ನಮ್ಮ ಲೆಕ್ಕದಾಗ ಬರೂದಿಲ್ಲ” ಎಂದರು. ಅವರು ಒರಟಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು.

ಎಂಟೂವರೆಯ ಬಸ್ಸಿನ ವೇಳೆ ಹನ್ನೊಂದಕ್ಕೆ ಹೋಯಿತು. ಹನ್ನೊಂದರ ಬಸ್ಸು ಯಾರಿಗೂ ಬೇಡ. ಸಾಲೆಗೆ, ಕಚೇರಿಗೆ, ಸಂತೆಗೆ, ಆಸ್ಪತ್ರೆಗೆ, ಯಾವುದಕ್ಕೂ ಹೊಂದದ ಹೊತ್ತು ಅದು. ರೊಟ್ಟಿ ಖಾನಾವಳಿ ಮುಟ್ಟುವಾಗ ಅರ್ಧ ಜನ ಉಂಡು ಎದ್ದಿರುತ್ತಿದ್ದರು. ಮಲ್ಲುವಿನ ಟಂಟಂನಲ್ಲಿ ಕಳಿಸಿ ನೋಡಿದರು. ಜನರ ತೊಡೆಯ ಮೇಲೆ ಕೂತು ಬಂದ ರೊಟ್ಟಿ ಚೂರುಚೂರಾಗಿ ಇಳಿಯಿತು. ಹದಿನೈದು ದಿನಕ್ಕೆ ಖಾನಾವಳಿಯವಳು ಬೇಡವೆಂದಳು. ಹುಸೇನಬಿ ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗತೊಡಗಿದಳು, ಸೊಂಟ ಹಿಡಿದುಕೊಂಡು. ಅಕ್ಕ ಖಡಕ್ ರೊಟ್ಟಿಗೆ ಇಳಿದಳು. ಒಣಗಿಸಿದ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ವಾರಕ್ಕೊಮ್ಮೆ ವಿಜಯಪುರದ ಒಬ್ಬ ವ್ಯಾಪಾರಿ ಬಂದು, ಆರಿಸಿ, ಬೇಕಾದಷ್ಟು ಒಯ್ಯುತ್ತಿದ್ದ. ಒಮ್ಮೊಮ್ಮೆ ಬರುತ್ತಲೂ ಇರಲಿಲ್ಲ.

ಅಕ್ಕ ನನಗೆ ಒಂದು ಮಾತು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಫೋನ್ ಮಾಡಿದರೆ “ಮಾತಾಡು ತಮ್ಮಾ, ಏನೂ ಕೆಲಸಿಲ್ಲ” ಎನ್ನುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ನಾನೇ ಏನಾದರೊಂದು ನೆಪ ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ. ಪ್ರತಿ ಶನಿವಾರ ಸಾಲೆ ಬಿಟ್ಟ ಮೇಲೆ ಸಾಹೇಬರ ಕಚೇರಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂಡತೊಡಗಿದೆ. ಅರ್ಜಿ ಕೊಡುವುದು, ಕಾಯುವುದು. ಐದು ತಿಂಗಳು. ಕಾಯಲು ಬಾರದವನಿಗೆ ಆ ಬೆಂಚು ಚೆನ್ನಾಗಿ ಪಾಠ ಕಲಿಸಿತು. ಕೂತಲ್ಲಿ ಕಾಲು ಕುಣಿಸಿ ಕುಣಿಸಿ ಬೆಂಚಿನ ಒಂದು ಮೊಳೆಯೇ ಸಡಿಲಾಯಿತು. ಕೊನೆಗೆ ಸಾಹೇಬರೇ ಹೊರಗೆ ಬಂದು “ಒಂದ ತಿಂಗಳು ಮತ್ತ ಎಂಟೂವರಿಗೆ ಬಿಡ್ತೇವ್ರಿ. ಈ ಸಲ ಸತ್ಕಾರ ಮಾಡಬ್ಯಾಡ್ರಿ, ಬಸ್ ಹತ್ರಿ” ಎಂದರು.

ಇದು ಸ್ಕೂಟರಿನ ಕೀಲಿಕೈ ಹುಡುಕಿದ ರವಿವಾರದ ಹಿಂದಿನ ಕಥೆ. ಆ ಸಂಜೆ ಊರಿಗೆ ಹೋಗಿ ಡಬ್ಬಿಯನ್ನು ಅಕ್ಕನ ಮುಂದಿಟ್ಟೆ. ತಿರುಗಿಸಿ ನೋಡಿದಳು. ನನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

“ಇದನ್ನಿನ್ನೂ ಇಟ್ಟೀಯೇನು? ಇದರ ಕೊಂಡಿ ಮೊದಲಿಂದೂ ಸಡಿಲ ಐತಿ.”

“ಅಕ್ಕಾ, ನಾಳಿ ಬಸ್ ಬರ್ತೈತಿ.”

“ಬರ್ಲಿ.”

“ಖಾನಾವಳಿಯವರಿಗೆ ಕೇಳೂದಿಲ್ಲೇನು?”

“ತಿಂಗಳಾದ ಮ್ಯಾಲ ಮತ್ತ ಹೋತಂದ್ರ ಯಾರಿಗಿ ಏನ ಮಾರಿ ತೋರಸ್ಲಿ? ಹುಸೇನಬಿಗೆ ಏನ ಹೇಳ್ಲಿ? ಖಡಕ್ ರೊಟ್ಟಿ ಯಾರ ದಾರೀನೂ ಕಾಯೂದಿಲ್ಲ. ನಂಗ ಅದ ಛಲೋ ಆಗೇತಿ ಬಿಡು.”

ನಾನು ಓಣಿ ಓಣಿ ತಿರುಗಿದೆ. ಎಲ್ಲರೂ “ನೋಡೋಣ್ರಿ ಮಾಸ್ತರ” ಎಂದರು. ಎಲ್ಲರಿಗೂ ಅಷ್ಟರಲ್ಲಿ ಒಂದೊಂದು ವ್ಯವಸ್ಥೆ ಆಗಿತ್ತು. ಕೆಲವರು ಕಂತಿನಲ್ಲಿ ಬೈಕು ಕೊಂಡಿದ್ದರು, ಕೆಲವರಿಗೆ ಮಲ್ಲುವಿನ ಟಂಟಂನಲ್ಲಿ ಕಾಯಂ ಜಾಗವಿತ್ತು. ನಾನು ಸ್ಕೂಟರ್ ಇಟ್ಟುಕೊಂಡು ಅವರಿಗೆ ಏನು ಹೇಳಲಿ?

ಸೋಮವಾರ ಎಂಟು ಗಂಟೆಗೇ ಕಟ್ಟೆಯ ಮೇಲೆ ನಿಂತೆ. ಕೂತೆ. ಮತ್ತೆ ಎದ್ದೆ. ಅಗಸಿಯ ತನಕ ಹೋಗಿ ಬಂದೆ. ಬಸ್ಸು ಎಂಟು ಇಪ್ಪತ್ತೈದಕ್ಕೆ ಬಂತು. ರಾಜೇಸಾಬ ಇಳಿದು ಸುತ್ತ ನೋಡಿದ. ನಾನೊಬ್ಬನೇ. ಡ್ರೈವರ್ ಎರಡು ಸಲ ಹಾರ್ನ್ ಹಾಕಿದ. ಒಂದು ಕೋಳಿ ಓಡಿತು, ಮತ್ತೇನೂ ಆಗಲಿಲ್ಲ. ಹತ್ತಿ ಕೂತೆ. ಎಂಟೂವರೆ ಆಯಿತು. ಬಸ್ಸು ಗುಡುಗುಟ್ಟಿತು.

“ರಾಜೇಸಾಬ, ಒಂದೈದ ಮಿನೀಟ ನಿಂದ್ರಸ್ರಿ. ಯಾರರೆ ಬರಬಹುದು” ಎಂದೆ. ನನ್ನ ಬಾಯಿಂದ ಇಂಥ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

“ಬ್ಯಾಡ್ರಿ ಸರ. ಇಲ್ಲಿ ನಿಂದ್ರಸಿದ್ರ ಮುಂದಿನ ಊರಾಗ ಮಂದಿ ಟಂಟಂ ಹತ್ತತಾರ. ಹ್ವಾದ ಸಲ ನೋಡಿದ್ರೆಲ್ಲ” ಎಂದು ರಾಜೇಸಾಬ ಸೀಟಿ ಊದಿದ.

ಬಸ್ಸು ಹೊರಟಿತು. ಖಾಲಿ ಸೀಟುಗಳು ಗಡಗಡ ಸದ್ದು ಮಾಡಿದವು. ಐದು ತಿಂಗಳ ಬೆಂಚು ನೆನಪಾಗಿ ನನಗೆ ಅಳು ಬಂದಂತಾಯಿತು. ಅಗಸಿ ದಾಟಬೇಕು, ಅಷ್ಟರಲ್ಲಿ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಮುಂದೆ ನಡುರಸ್ತೆಯಲ್ಲಿ ಗಂಗಕ್ಕ ನಿಂತಿದ್ದಳು. ಅಡ್ಡ ಓಣಿಯಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಮೊಣಕೈತನಕ ಜೋಳದ ಹಿಟ್ಟು. ಕೈಯಲ್ಲಿ ನನ್ನ ಹಳೆಯ ಡಬ್ಬಿ.

ರಾಜೇಸಾಬ ಬಾಗಿಲಿಂದ ಕೈ ಚಾಚಿದ. “ಕೊಡ್ರಿ ಅಕ್ಕಾರ, ಬುತ್ತಿ ಇಡ್ತೇನಿ.”

“ಬುತ್ತಿ ಅಲ್ಲ. ನಾನ ಬರ್ತೇನಿ” ಎಂದು ಅಕ್ಕ ಮೆಟ್ಟಿಲು ಹತ್ತಿದಳು.

ಒಳಗೆ ಬಂದವಳು ಒಂದು ಗಳಿಗೆ ನಿಂತು ಸೀಟುಗಳನ್ನು ನೋಡಿದಳು. ಆಮೇಲೆ ನನ್ನ ಮುಂದಿನ ಸೀಟಿನಲ್ಲಿ ಕಿಟಕಿ ಬಿಟ್ಟು ಈಚೆಗೆ ಕೂತಳು. ಡಬ್ಬಿ ತೊಡೆಯ ಮೇಲೆ.

“ಆಧಾರ್ ಕಾರ್ಡ್ ತೋರಸ್ರಿ, ಹೆಣ್ಣಮಕ್ಕಳಿಗೆ ಫ್ರೀ ಐತಿ” ಎಂದ ರಾಜೇಸಾಬ.

“ಹಂಚಿನ ಮ್ಯಾಲಿನ ರೊಟ್ಟಿ ಇಳಸಿ ಓಡಿ ಬಂದೇನಿ, ಕಾರ್ಡ್ ಎಲ್ಲಿಂದ ತರ್ಲಿ? ರೊಕ್ಕ ತಗೋ, ಪೂರಾ ಟಿಕೇಟ ಹರಿ. ಲೆಕ್ಕದಾಗ ಬರ್ತೇನಿಲ್ಲೋ?”

“ಬರ್ತೀರಿ ಅಕ್ಕಾರ.”

“ಹಂಗಾರ ಹರಿ.”

ನಾನು ಮುಂದೆ ಬಾಗಿ ಕೇಳಿದೆ, “ಎಲ್ಲಿಗಿ ಹೊಂಟೀ ಅಕ್ಕಾ?”

“ಖಾನಾವಳಿಗೆ. ಐದ ಬಿಸಿ ರೊಟ್ಟಿ ತಂದೇನಿ, ಮುಂದ ಕುಂತು ತಿನಸ್ತೇನಿ. ತಿಂದು ಬ್ಯಾಡ ಅನ್ಲಿ ನೋಡೂಣು.” ಡಬ್ಬಿಯ ಕೊಂಡಿ ಒತ್ತುತ್ತ, ತಿರುಗಿ ನೋಡದೆ ಅಂದಳು, “ಬ್ಯಾಡ ಅಂದ್ರೂ ನಾಳಿ ಬರ್ತೇನಿ. ನಾಡದ್ದ ಹುಸೇನಬಿನ್ನೂ ಕರ್ಕೊಂಡು ಬರ್ತೇನಿ. ಮಂದಿ ಬೇಕಲ್ಲ ಇದಕ್ಕ.”

ಮುಂದಿನ ಊರು ಬಂತು. ಸ್ಟಾಪಿನಲ್ಲಿ ಮಲ್ಲುವಿನ ಟಂಟಂ ಆಗಲೇ ನಿಂತಿತ್ತು, ತುಂಬುತ್ತಲೂ ಇತ್ತು. ಕೈಚೀಲ ಹಿಡಿದ ಹೆಣ್ಣುಮಗಳೊಬ್ಬಳು ಒಂದು ಕಾಲು ಒಳಗಿಟ್ಟಿದ್ದಳು. ಹಾರ್ನ್ ಕೇಳಿ ತಿರುಗಿ ನೋಡಿದಳು. ಬಸ್ಸನ್ನು ನೋಡಿದಳು, ಕೈಯಲ್ಲಿನ ಫೋನಿನಲ್ಲಿ ವೇಳೆ ನೋಡಿದಳು, ಮತ್ತೆ ಬಸ್ಸನ್ನು ನೋಡಿದಳು. ನಾನು ಸೀಟಿನಿಂದ ಅರ್ಧ ಎದ್ದಿದ್ದೆ. ಅವಳು ಇಟ್ಟ ಕಾಲು ಹಿಂದಕ್ಕೆ ತೆಗೆದಳು.

ಬಸ್ಸಿನಲ್ಲಿ ಸೀಟುಗಳೆಲ್ಲ ಖಾಲಿಯೇ ಇದ್ದವು. ಆದರೂ ಗಂಗಕ್ಕ ಡಬ್ಬಿಯನ್ನು ಎದೆಗವಚಿಕೊಂಡು ಕಿಟಕಿಯ ಕಡೆಗೆ ಸರಿದು, ಆಕೆಗೆ ತನ್ನ ಪಕ್ಕದಲ್ಲಿ ಜಾಗ ಮಾಡಿದಳು.